ಇರುವೆಯನ್ನು ಮನೆಯಲ್ಲಿ ಸಾಕಬಹುದೇ?



ಗಿಳಿಯನ್ನು ಪಂಜರದಲ್ಲಿ ಇಡಬಹುದೇ, ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಬಹುದೇ ಎಂಬ ಪ್ರಶ್ನೆಗಳು ನಮ್ಮ ಸಮಾಜಕ್ಕೆ ಹೊಸವಲ್ಲ. ಚಾತುರ್ಮಾಸದ ಪ್ರವಚನಗಳಲ್ಲಿ ತ್ಯಾಗಿವರ್ಯರು ಇವಕ್ಕೆ ಸಮಾಧಾನ ಹೇಳುತ್ತಲೇ ಬಂದಿದ್ದಾರೆ. ಆದರೆ ಇರುವೆಯನ್ನು ಸಾಕಬಹುದೇ ಎಂದು ನಮ್ಮ ಹಿರಿಯರಲ್ಲಿ ಯಾರೂ ಕೇಳಿರಲಾರರು. ಇರುವೆಯು ಕರೆಯದೆ ಬರುವ ಅತಿಥಿ. ಅದನ್ನು ಸಾಕುವ ಅಗತ್ಯವಾದರೂ ಯಾರಿಗಿತ್ತು? ಈಗ ಆ ಪ್ರಶ್ನೆಯು ನಮ್ಮ ಮನೆಯ ಮಕ್ಕಳ ಬಾಯಿಂದಲೇ ಬರತೊಡಗಿದೆ. ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಬರೆಯಲು ಅಪೇಕ್ಷಿಸುತ್ತೇನೆ. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಕಂಬೈನಲ್ಲೂರಿನಲ್ಲಿ ಬೆಲ್ಲ ಮತ್ತು ಧಾನ್ಯದ ಮಂಡಿಯಲ್ಲಿ ಕುಳಿತವನು. ಬೆಲ್ಲದ ವ್ಯಾಪಾರಿಗೆ ಇರುವೆಯ ಪರಿಚಯವು ಪಂಡಿತರಿಗಿಂತ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ ಎಂಬುದಷ್ಟೇ ನನ್ನ ಅರ್ಹತೆ.

ಮೊದಲು ಈ ಸಾಕುವಿಕೆಯು ಏನೆಂಬುದನ್ನು ಹೇಳಬೇಕು. ಮಳೆ ಬಿದ್ದು ನೆಲ ನೆನೆದ ದಿನಗಳಲ್ಲಿ ಇರುವೆಗೂಡುಗಳಿಂದ ರೆಕ್ಕೆಯುಳ್ಳ ಗಂಡು-ಹೆಣ್ಣು ಇರುವೆಗಳು ಹೊರಟು ಹಾರುತ್ತವೆ. (ದೀಪಕ್ಕೆ ಮುತ್ತುವ ಈಸಲು ಹುಳುಗಳು ಇವಲ್ಲ, ಅವು ಗೆದ್ದಲಿನ ಜಾತಿಯವು.) ಗಂಡುಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಹೆಣ್ಣು ನೆಲಕ್ಕಿಳಿದು ತನ್ನ ರೆಕ್ಕೆಗಳನ್ನು ತಾನೇ ಕಳಚಿಕೊಂಡು, ಮಣ್ಣಿನಲ್ಲಿ ಒಂದು ಸಣ್ಣ ಬಿಲವನ್ನು ತೋಡಿ, ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದೇ ರಾಣಿ. ಬಹುತೇಕ ಜಾತಿಗಳಲ್ಲಿ ಈ ತಾಯಿಯು ವಾರಗಟ್ಟಲೆ ಏನನ್ನೂ ತಿನ್ನುವುದಿಲ್ಲ. ಇನ್ನು ಬೇಕಿಲ್ಲದ ರೆಕ್ಕೆಯ ಸ್ನಾಯುಗಳನ್ನು ತನ್ನ ಮೈಯೊಳಗೇ ಕರಗಿಸಿಕೊಂಡು, ಅದರಿಂದಲೇ ಮೊದಲ ಮರಿಗಳಿಗೆ ಉಣಿಸುತ್ತದೆ. ನಾವು ಪರ್ವದಿನಗಳಲ್ಲಿ ಒಂದೆರಡು ಉಪವಾಸ ಮಾಡಿ ಪಾರಣೆಯ ದಿನ ನಾಲ್ಕು ಜನರಿಗೆ ತಿಳಿಯುವಂತೆ ನಡೆದುಕೊಳ್ಳುತ್ತೇವೆ. ಈ ಜೀವದ ನಿರಾಹಾರವನ್ನು ನೋಡುವವರೇ ಇಲ್ಲ.

ಸಾಕುವವರು ಮಾಡುವುದೇನೆಂದರೆ, ಬಿಲ ತೋಡುವ ಮೊದಲೇ ಆ ಹೆಣ್ಣನ್ನು ಹಿಡಿದು ಒಂದು ಟೆಸ್ಟ್ ಟ್ಯೂಬಿನಲ್ಲಿ ಹಾಕುತ್ತಾರೆ. ಟ್ಯೂಬಿನ ತಳದಲ್ಲಿ ನೀರು, ನೀರಿಗೆ ಅಡ್ಡವಾಗಿ ಹತ್ತಿಯ ಬೆಣೆ, ನಡುವೆ ರಾಣಿ, ಬಾಯಿಗೆ ಮತ್ತೊಂದು ಹತ್ತಿ. ಬೆಳಕು ಬೀಳದಂತೆ ಬಟ್ಟೆಯನ್ನೋ ಕೆಂಪು ಕಾಗದವನ್ನೋ ಸುತ್ತುತ್ತಾರೆ. ಕೆಲವು ವಾರಗಳಲ್ಲಿ ಮೊದಲ ಕೆಲಸಗಾರ ಇರುವೆಗಳು ಹುಟ್ಟುತ್ತವೆ. ಆಮೇಲೆ ಅವನ್ನು ಗಾಜಿನ ಹಲಗೆಗಳ ನಡುವಿನ ದೊಡ್ಡ ಗೂಡಿಗೆ ಸಾಗಿಸಿ, ಓಡಾಡುವ ದಾರಿ, ಮೊಟ್ಟೆಯ ಕೋಣೆ ಎಲ್ಲವನ್ನೂ ಮನೆಮಂದಿ ಕುಳಿತು ನೋಡುತ್ತಾರೆ.

ಇದೂ ತೀರ ಇಂದಿನ ಹುಚ್ಚಲ್ಲ. ಇಂಗ್ಲೆಂಡಿನ ಸರ್ ಜಾನ್ ಲಬಕ್ ಎಂಬವರು 19ನೆಯ ಶತಮಾನದಲ್ಲೇ ಗಾಜಿನ ಫಲಕಗಳ ನಡುವೆ ಇರುವೆಗಳನ್ನಿಟ್ಟು ಅಭ್ಯಾಸ ಮಾಡಿ, 1882ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಮಿಲ್ಟನ್ ಲೆವಿನ್ ಎಂಬವರು 1956ರಲ್ಲಿ ಇದನ್ನೇ ಮಕ್ಕಳ ಆಟಿಕೆಯಾಗಿ ಮಾಡಿ ಮಾರಿದರು. ಆ ಆಟಿಕೆಯಲ್ಲಿ ರಾಣಿ ಇರುತ್ತಿರಲಿಲ್ಲ. ರಾಣಿಯಿಲ್ಲದ ಗುಂಪು ಕೆಲವು ತಿಂಗಳುಗಳಲ್ಲಿ ಸಾಯುತ್ತದೆ. ಆಟಿಕೆ ಸತ್ತರೆ ಮತ್ತೊಂದು ಕೊಳ್ಳಬೇಕು. ವ್ಯಾಪಾರಿಯಾದ ನನಗೆ ಈ ಲೆಕ್ಕವು ಅರ್ಥವಾಗದೆ ಇಲ್ಲ.

ಬೆಂಗಳೂರಿನಲ್ಲಿ ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಮೊಬೈಲಿನಲ್ಲಿ ಇದನ್ನು ನೋಡಿ, ರಜೆಗೆ ಊರಿಗೆ ಬಂದಾಗ ತಾನೂ ಒಂದು ಗೂಡನ್ನು ಇಡುವೆನೆಂದು ಹಟ ಹಿಡಿದನು. ಮನೆಯಲ್ಲಿ ಹೆಂಗಸರು ಬೇಡವೆಂದರು, ಅಡುಗೆಮನೆಯ ಭಯದಿಂದ. ನಾನೂ ಬೇಡವೆಂದೆನು. ಆಗ ಅವನು ಕೇಳಿದ್ದು ಇಷ್ಟೇ: "ತಾತ, ನಾವು ಕೊಲ್ಲುವುದಿಲ್ಲ, ಹೊಡೆಯುವುದಿಲ್ಲ, ವೇಳೆಗೆ ಸರಿಯಾಗಿ ಊಟ ಹಾಕುತ್ತೇವೆ. ಇದರಲ್ಲಿ ಹಿಂಸೆ ಎಲ್ಲಿದೆ?" ಚಿಕ್ಕವನ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಊಟ ಹಾಕುವುದನ್ನು ನಾವೇ ಅವನಿಗೆ ಕಲಿಸಿದ್ದೇವೆ.

ಓದುಗರು ತಮ್ಮ ತಮ್ಮ ಮನೆಗಳನ್ನು ನೆನೆಯಲಿ. ತಗಡೂರೆಂದು ಹಿಂದೆ ಹೆಸರಾಗಿದ್ದ ಈ ಧರ್ಮಪುರಿಯ ಸೀಮೆಯಲ್ಲಿ ಭಾಷೆಗಳು ಬೆರೆತು ಎಷ್ಟೋ ಕಾಲವಾಯಿತು. 9ನೆಯ ಶತಮಾನದಲ್ಲಿ ನೊಳಂಬರ ಆಳ್ವಿಕೆಯಲ್ಲಿ ಇಲ್ಲಿಯ ಬಸದಿಗೆ ಬಿಟ್ಟ ದತ್ತಿಯ ಶಾಸನವೇ ಕನ್ನಡದಲ್ಲಿದೆ. ಇಂದು ನಮ್ಮಲ್ಲಿ ಒಂದು ಮನೆಯವರು ಇರುವೆ ಎಂದರೆ, ಮತ್ತೊಂದು ಮನೆಯವರು ಎರುಂಬು ಎನ್ನುತ್ತಾರೆ, ಇನ್ನೊಬ್ಬರು ಕೀಡಿ ಎನ್ನುತ್ತಾರೆ. ಗುಜರಾತಿ ಮತ್ತು ಮಾರವಾಡಿ ಕುಟುಂಬಗಳಲ್ಲಿ ಇರುವೆಯ ಬಿಲಗಳನ್ನು ಹುಡುಕಿ ಹಿಟ್ಟು-ಸಕ್ಕರೆ ಹಾಕುವುದು ಪುಣ್ಯಕಾರ್ಯ. ಗುಜರಾತಿಯಲ್ಲಿ ಅದಕ್ಕೆ ಕೀಡಿಯಾರು ಪೂರುವುದು ಎಂಬ ಹೆಸರೇ ಇದೆ. ತಮಿಳು ಮನೆಗಳಲ್ಲಿ ಬೆಳಗಿನ ಕೋಲವನ್ನು ಅಕ್ಕಿಹಿಟ್ಟಿನಲ್ಲೇ ಇಡಬೇಕು, ಎರುಂಬಿಗೆ ಆಹಾರವಾಗಲಿ ಎಂದು ಅಜ್ಜಿಯರು ಹೇಳುತ್ತಿದ್ದರು. ಈಗ ಕಲ್ಲಿನ ಪುಡಿ ಬಂದು ಆ ಅಭ್ಯಾಸವು ಹಾಳಾಯಿತು. ಇದು ಬೇರೆ ಮಾತು. ಮೊಮ್ಮಗನ ವಾದವು ಈ ದಯೆಯ ಮೇಲೆಯೇ ನಿಂತಿದೆ. ಬಿಲದ ಬಾಯಲ್ಲಿ ಹಾಕುವ ಹಿಟ್ಟನ್ನು ಟ್ಯೂಬಿನ ಬಾಯಲ್ಲಿ ಹಾಕಿದರೆ ಭೇದವೇನು?

ಭೇದವು ಹಿಟ್ಟಿನಲ್ಲಿಲ್ಲ, ಬಾಗಿಲಿನಲ್ಲಿದೆ ಎಂಬುದೇ ನನ್ನ ವಿಚಾರ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆಯುವುದು. ಆಚಾರ್ಯರು ಹೊಡೆಯುವುದಕ್ಕಿಂತ ಮೊದಲು, ಅಂಗ ಕತ್ತರಿಸುವುದಕ್ಕಿಂತ ಮೊದಲು, ಹಸಿವಿನಲ್ಲಿ ಕೆಡವುವುದಕ್ಕಿಂತ ಮೊದಲು ಬಂಧವನ್ನು ಹೆಸರಿಸಿದ್ದಾರೆ. ಬಂಧವೆಂದರೆ ಜೀವಿಯು ತಾನು ಹೋಗಬೇಕೆಂದ ಕಡೆಗೆ ಹೋಗದಂತೆ ತಡೆಯುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಕ್ರಮವು ಸ್ವಲ್ಪ ಬೇರೆ, ಅಲ್ಲಿ ಬಂಧನವು ಎರಡನೆಯದು. ಆದರೆ ಅಲ್ಲಿಯೂ ಅದು ಬಿಟ್ಟುಹೋಗಿಲ್ಲ. ಕೊಲ್ಲದೆ, ಹೊಡೆಯದೆ, ಹೊಟ್ಟೆತುಂಬ ಉಣಿಸಿಯೂ ವ್ರತಕ್ಕೆ ದೋಷವನ್ನು ತರಬಹುದೆಂದು ಇದರಿಂದ ತಿಳಿಯುತ್ತದೆ.

ಶ್ವೇತಾಂಬರ ಸಂಪ್ರದಾಯದ ಬಂಧುಗಳು ಸಾಮಾಯಿಕದ ಮೊದಲು ಹೇಳುವ ಇರಿಯಾವಹಿಯ ಸೂತ್ರವನ್ನು ನೆನೆಯಬಹುದು. ನಡೆದಾಡುವಾಗ ಜೀವಿಗಳಿಗೆ ಆದ ಬಾಧೆಗೆ ಕ್ಷಮೆ ಬೇಡುವ ಸೂತ್ರವದು. ಇರುವೆಗೂಡಿನ ಹೆಸರು ಅದರಲ್ಲಿ ಬರುತ್ತದೆ. ಬಾಧೆಯ ಬಗೆಗಳನ್ನು ಎಣಿಸುತ್ತ ಹೋಗಿ, ಪ್ರಾಣವನ್ನೇ ತೆಗೆದದ್ದೆಂಬ ಕೊನೆಯ ಮಾತಿಗೆ ಮೊದಲು, ಇದ್ದ ಸ್ಥಳದಿಂದ ಮತ್ತೊಂದು ಸ್ಥಳಕ್ಕೆ ಸಾಗಿಸಿದ್ದೆಂಬ ಒಂದು ದೋಷವನ್ನು ಹೇಳಿದೆ. ಚಿಕ್ಕಂದಿನಿಂದ ಅದನ್ನು ಬಾಯಿಪಾಠವಾಗಿ ಹೇಳುವವರಲ್ಲಿ ಎಷ್ಟು ಜನ ಅಲ್ಲಿ ನಿಂತು ಯೋಚಿಸಿರುವರೋ! ಸಾಗಿಸಿದ ಮಾತ್ರಕ್ಕೇ ಕ್ಷಮೆ ಬೇಡುವ ನಾವು, ಸಾಗಿಸುವುದನ್ನೇ ಹವ್ಯಾಸವಾಗಿ ಮಾಡಿಕೊಳ್ಳುವುದು ಹೇಗೆ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದು. ಹಸುವನ್ನು ನಾವು ಹಗ್ಗದಲ್ಲಿ ಕಟ್ಟುವುದಿಲ್ಲವೇ? ಕಟ್ಟುತ್ತೇವೆ. ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಇದನ್ನು ವಿಚಾರಿಸಿದ್ದಾರೆ. ಪ್ರಯೋಜನವುಳ್ಳ ಬಂಧನ ಮತ್ತು ಪ್ರಯೋಜನವಿಲ್ಲದ ಬಂಧನ ಎಂದು ಎರಡು ಬಗೆ. ಪ್ರಯೋಜನವಿದ್ದಾಗಲೂ ಗಂಟನ್ನು ಸಡಿಲವಾಗಿ ಹಾಕಬೇಕು, ಬೆಂಕಿ ಬಿದ್ದರೆ ಪ್ರಾಣಿಯು ಪಾರಾಗುವಂತಿರಬೇಕು. ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ವಿವೇಕ! ಗಾಜಿನ ಟ್ಯೂಬಿಗೆ ಅಂತಹ ಸಡಿಲ ಗಂಟು ಇಲ್ಲ. ಮನೆಯವರು ಹತ್ತು ದಿನ ಯಾತ್ರೆಗೆ ಹೋದಾಗ ನೀರು ಬತ್ತಿದರೆ, ವೈಶಾಖದ ಬಿಸಿಲು ಕಿಟಕಿಯಿಂದ ಬಿದ್ದು ಗಾಜು ಕಾದರೆ, ಹೊರಗಿನ ಇರುವೆಯಾಗಿದ್ದರೆ ಮಣ್ಣಿನಲ್ಲಿ ಮತ್ತಷ್ಟು ಕೆಳಗೆ ಇಳಿಯುತ್ತಿತ್ತು. ಒಳಗಿನದು ಎಲ್ಲಿಗೆ ಇಳಿಯಬೇಕು?

ಇರುವೆಯ ಲೋಕವಾದರೂ ಎಂತಹುದು? ನಮ್ಮ ಶಾಸ್ತ್ರವು ಅದನ್ನು ತ್ರೀಂದ್ರಿಯ ಜೀವಗಳಲ್ಲಿ ಸೇರಿಸುತ್ತದೆ: ಸ್ಪರ್ಶ, ರುಚಿ, ಗಂಧ. ಸೂಕ್ಷ್ಮದರ್ಶಕದಲ್ಲಿ ನೋಡುವ ಇಂದಿನವರು ಬಹುತೇಕ ಇರುವೆಗಳಿಗೆ ಕಣ್ಣೂ ಇದೆ ಎನ್ನುತ್ತಾರೆ. 1851ರಲ್ಲಿ ಡಾಕ್ಟರ್ ಜೆರ್ಡನ್ ಎಂಬ ಮದ್ರಾಸಿನ ವೈದ್ಯರು ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಮಾಡಿದಾಗ ವರ್ಣಿಸಿದ ಜಿಗಿಯುವ ಇರುವೆಗೆ ದೊಡ್ಡ ಕಣ್ಣುಗಳೇ ಇವೆ. ಈ ಭೇದವನ್ನು ಇಲ್ಲಿ ಬಗೆಹರಿಸಲು ನಾನು ಹೊರಟಿಲ್ಲ. ಎರಡು ಕಡೆಯವರೂ ಒಪ್ಪುವ ಮಾತೊಂದಿದೆ. ಇರುವೆಯು ಮುಖ್ಯವಾಗಿ ಗಂಧದಿಂದ ಬದುಕುವ ಜೀವ. ನನ್ನ ಮಂಡಿಯಲ್ಲಿ ಬೆಲ್ಲದ ಅಚ್ಚನ್ನು ಎಲ್ಲಿ ಸರಿಸಿಟ್ಟರೂ ಮೊದಲ ಇರುವೆಯು ಬಂದುಹೋದ ದಾರಿಯಲ್ಲೇ ಹಿಂದಿನ ಸಾಲು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲು ತಬ್ಬಿಬ್ಬಾಗಿ ನಿಲ್ಲುತ್ತದೆ. ಅಂತಹ ಜೀವಕ್ಕೆ ನೆಲದ ಗಂಧವೇ ಊರು, ಬೀದಿ, ವಿಳಾಸ ಎಲ್ಲವೂ. ಗಾಜನ್ನು ಎಷ್ಟು ಅಂದವಾಗಿ ಮಾಡಿಸಿದರೂ ಅದು ನಮ್ಮ ಕಣ್ಣಿಗೆ ಮಾಡಿದ್ದು.

ಊಟದ ವಿಷಯವೂ ಹುಡುಗನು ತಿಳಿದಷ್ಟು ಸುಲಭವಲ್ಲ. ದೊಡ್ಡ ಇರುವೆಗಳು ಸಿಹಿಯಿಂದ ಓಡಾಡಬಲ್ಲವು, ಆದರೆ ಹೆಚ್ಚಿನ ಜಾತಿಗಳಲ್ಲಿ ಮರಿಗಳು ಬೆಳೆಯಲು ಸಿಹಿಯೊಂದೇ ಸಾಲದು. ಆದ್ದರಿಂದ ಸಾಕುವವರು ಜೀರುಂಡೆ, ಹಿಟ್ಟಿನ ಹುಳು ಮುಂತಾದವನ್ನು ಕೊಂದು ಒಳಗೆ ಹಾಕುತ್ತಾರೆ. ಒಂದು ಜೀವವನ್ನು ಪ್ರೀತಿಯಿಂದ ಸಾಕಲು ಮತ್ತೊಂದನ್ನು ವಾರವಾರವೂ ಕೊಲ್ಲುವುದು ಶ್ರಾವಕನ ಮನೆಯಲ್ಲಿ ನಡೆಯುವ ಮಾತಲ್ಲ. ಇದನ್ನು ಹೇಳಿದಾಗ ಹುಡುಗನು, ಕಾಳು ತಿನ್ನುವ ಇರುವೆಯನ್ನು ಸಾಕೋಣವೆಂದನು. ಕಾಳು ಕೂಡಿಡುವ ಜಾತಿಗಳು ಇರುವುದು ನಿಜ. ಧಾನ್ಯದ ಕಣದಲ್ಲಿ ಕುಳಿತವರೆಲ್ಲರೂ ಅವುಗಳ ಬಿಲದ ಸುತ್ತಲಿನ ಹೊಟ್ಟಿನ ಉಂಗುರವನ್ನು ಕಂಡಿರುತ್ತಾರೆ. ಹಾಗೆ ಮಾಡಿದರೆ ಒಂದು ಹಿಂಸೆ ತಪ್ಪುತ್ತದೆ. ಬಂಧನವು ತಪ್ಪುವುದಿಲ್ಲ.

ಅವನ ಕೊನೆಯ ವಾದವು ಎಲ್ಲಕ್ಕಿಂತ ಬಲವಾದದ್ದು. ಹಾರಿ ಇಳಿದ ರಾಣಿಗಳಲ್ಲಿ ಬಹುಪಾಲು ಹೊರಗೆ ಸತ್ತೇ ಹೋಗುತ್ತವೆ. ಹಕ್ಕಿ, ಹಲ್ಲಿ, ಬೇರೆ ಇರುವೆಗಳು, ನೀರು, ಬಿಸಿಲು ಇವೆಲ್ಲವನ್ನೂ ದಾಟಿ ಗೂಡು ಕಟ್ಟುವುದು ಎಲ್ಲೋ ಒಂದೆರಡು. ಇದು ಸತ್ಯವೆಂದು ಬಲ್ಲವರೂ ಹೇಳುತ್ತಾರೆ. ಹಾಗಿದ್ದರೆ ಟ್ಯೂಬಿನಲ್ಲಿಟ್ಟದ್ದು ಅಭಯದಾನವಾಗಲಿಲ್ಲವೇ?

ಇದಕ್ಕೆ ನಾನು ಬಹಳ ದಿನ ಉತ್ತರವನ್ನು ಹುಡುಕಿದೆನು. ವ್ಯಾಪಾರದ ಅನುಭವದಿಂದಲೇ ಅದು ದೊರಕಿತು. ಮಳೆ ಬಾರದ ವರ್ಷ ಬಡ ರೈತನ ಹೊಲವನ್ನು ಅಗ್ಗಕ್ಕೆ ಕೊಂಡವರು, "ನಾನು ಕೊಳ್ಳದಿದ್ದರೆ ಬೇರೆಯವರು ಕೊಳ್ಳುತ್ತಿದ್ದರು, ಅವನಿಗೆ ಅಷ್ಟೂ ಸಿಗುತ್ತಿರಲಿಲ್ಲ" ಎನ್ನುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಅದರಿಂದ ಖರೀದಿಯು ದಾನವಾಗುವುದಿಲ್ಲ; ಹೊಲದ ಪತ್ರವು ಕೊಂಡವನ ಪೆಟ್ಟಿಗೆಯಲ್ಲೇ ಇರುತ್ತದೆ. ನೀರಿನ ಹೊಂಡದಲ್ಲಿ ಒದ್ದಾಡುವ ರಾಣಿಯನ್ನು ಎಲೆಯಿಂದ ಎತ್ತಿ ಒಣ ಮಣ್ಣಿನ ಮೇಲೆ ಬಿಟ್ಟರೆ ಅದು ಅಭಯದಾನ. ಎತ್ತಿ ಮನೆಗೆ ತಂದರೆ ಅದು ಸಂಗ್ರಹ. ಎರಡರಲ್ಲೂ ಜೀವವು ಉಳಿಯಿತು ಎಂಬುದಷ್ಟನ್ನೇ ನೋಡಿದರೆ ಇವೆರಡೂ ಒಂದೇ ಎನಿಸುತ್ತವೆ. ನಮ್ಮ ಧರ್ಮವು ಅಷ್ಟನ್ನೇ ನೋಡುವುದಿಲ್ಲ. ಪ್ರಮಾದದಿಂದ ಕೂಡಿದ ಮನ-ವಚನ-ಕಾಯಗಳ ಪ್ರವೃತ್ತಿಯಿಂದ ಪ್ರಾಣಗಳಿಗೆ ಆಗುವ ಘಾತವು ಹಿಂಸೆ ಎಂದಿದ್ದಾರೆ. ಪ್ರಮಾದವೆಂದರೆ ಕೇವಲ ಅಜಾಗರೂಕತೆಯಲ್ಲ. ಕಷಾಯಗಳೂ ಇಂದ್ರಿಯಗಳ ವಿಷಯಾಸಕ್ತಿಯೂ ಪ್ರಮಾದದ ಲೆಕ್ಕದಲ್ಲೇ ಸೇರಿವೆ. ಹಕ್ಕಿಯು ತಿಂದ ರಾಣಿಯಲ್ಲಿ ನನ್ನ ಮನಸ್ಸಿಲ್ಲ, ಮಾತಿಲ್ಲ, ಕೈಯಿಲ್ಲ. ನನ್ನ ಟ್ಯೂಬಿನ ರಾಣಿಯಲ್ಲಿ ಮೂರೂ ಇವೆ. "ನನ್ನ ಇರುವೆ" ಎಂಬ ಮಮಕಾರವು ನಾಲ್ಕನೆಯದಾಗಿ ಬಂದು ಸೇರುತ್ತದೆ, ಅದು ಪರಿಗ್ರಹದ ಬಾಗಿಲು.

ಇನ್ನು ಕಾಲದ ಲೆಕ್ಕವನ್ನು ನೋಡಬೇಕು. ಲಬಕ್ ಅವರ ಗಾಜಿನ ಗೂಡಿನಲ್ಲಿ 1874ರಲ್ಲಿ ಸೇರಿದ ರಾಣಿಯೊಂದು 1888ರವರೆಗೆ ಬದುಕಿತ್ತು. ಯುರೋಪಿನ ತೋಟಗಳ ಕಪ್ಪಿರುವೆಯ ರಾಣಿಯೊಂದು ಬಂಧನದಲ್ಲಿ 28 ವರ್ಷಗಳಿಗೂ ಮೇಲ್ಪಟ್ಟು ಬದುಕಿದ ದಾಖಲೆಯಿದೆ. ನಾಯಿಯ ಆಯುಸ್ಸಿಗಿಂತ ಎರಡು ಪಾಲು! ಈ ರಾಣಿಯು ಜೀವಮಾನದಲ್ಲಿ ಹಾರುವುದು ಒಮ್ಮೆ. ಆ ಒಂದು ಹಾರಾಟದಿಂದ ಪಡೆದದ್ದನ್ನು ಮೈಯಲ್ಲಿ ಕಾಪಾಡಿಕೊಂಡು ಮುಂದಿನ ವರ್ಷಗಳಲ್ಲೆಲ್ಲ ಮೊಟ್ಟೆಯಿಡುತ್ತದೆ. ಹೀಗಾಗಿ ಒಂದು ರಾಣಿಯನ್ನು ಹಿಡಿದವನು ಒಂದು ಇರುವೆಯನ್ನು ಹಿಡಿದನೆಂದು ಎಣಿಸಬಾರದು. ಇನ್ನೂ ಹುಟ್ಟದ ಒಂದು ಊರನ್ನೇ ಹಿಡಿದಿದ್ದಾನೆ. ಹನ್ನೆರಡು ವರ್ಷದ ಹುಡುಗನು ಕಾಲೇಜು ಮುಗಿಸಿ, ಉದ್ಯೋಗ ಹಿಡಿದು, ಮದುವೆಯಾದರೂ ಆ ಗೂಡು ಇರಬಹುದು. ಅಷ್ಟು ಕಾಲ ನೀರು ಹಾಕುವವರು ಯಾರು? ಕನ್ನಡದಲ್ಲಿ "ಸಾಕು" ಎಂಬ ಒಂದೇ ಮಾತು ಪೋಷಿಸು ಎಂದೂ ಆಗುತ್ತದೆ, ಇನ್ನು ಬೇಡ ಎಂದೂ ಆಗುತ್ತದೆ. ಮಕ್ಕಳ ಕೈಯಲ್ಲಿ ಮೊದಲಿನ ಅರ್ಥವು ಎರಡನೆಯದಕ್ಕೆ ತಿರುಗಲು ಒಂದು ಪರೀಕ್ಷೆ ಸಾಕು.

ಬೇಡವಾದಾಗ ಹೊರಗೆ ಬಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಬೇರೆ ಸೀಮೆಯ ಇರುವೆಯನ್ನು ತಂದು ಬಿಟ್ಟರೆ ಇಲ್ಲಿಯ ಜೀವಿಗಳಿಗೆ ಏನಾಗುವುದೋ ಹೇಳಲಾಗದು. ನಮ್ಮ ರಾಜ್ಯದ ದಿಂಡುಕ್ಕಲ್ ಜಿಲ್ಲೆಯ ಕರಂದಮಲೆ ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ 2022ರಲ್ಲಿ ಹಳದಿ ಹುಚ್ಚಿರುವೆಗಳು ಮಿತಿಮೀರಿ ಹೆಚ್ಚಿ, ದನಕರುಗಳಿಗೂ ರೈತರಿಗೂ ಬಾಧೆಯಾದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅವನ್ನು ಯಾರೋ ಸಾಕಿ ಬಿಟ್ಟರೆಂದು ನಾನು ಹೇಳುವುದಿಲ್ಲ. ಅದೇ ಜಾತಿಯ ಇರುವೆಯು ಹಡಗುಗಳ ಸರಕಿನ ಜೊತೆ ಹೋಗಿ ನೆಲೆಸಿದ ಕ್ರಿಸ್ಮಸ್ ದ್ವೀಪದಲ್ಲಿ ಲಕ್ಷೋಪಲಕ್ಷ ಕೆಂಪು ಏಡಿಗಳು ಸತ್ತವು. ಇಟ್ಟುಕೊಂಡರೆ ಬಂಧನ, ಬಿಟ್ಟರೆ ಹಿಂಸೆ ಎಂಬ ಸಂಕಟಕ್ಕೆ ಒಳಗಾಗುವ ಮೊದಲೇ ಯೋಚಿಸುವುದು ಲೇಸು.

ಇಷ್ಟು ಬರೆದ ಮೇಲೆ ಓದುಗರಲ್ಲಿ ಯಾರಾದರೂ, "ಸ್ವಾಮಿ, ನಿಮ್ಮ ಬೆಲ್ಲದ ಮಂಡಿಯಲ್ಲಿ ಇರುವೆಗಳೇ ಸಾಯುವುದಿಲ್ಲವೇ?" ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಿಷದ ಸೀಮೆಸುಣ್ಣವನ್ನು ನಮ್ಮ ಮಂಡಿಯೊಳಗೆ ತರುವುದಿಲ್ಲ. ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತೇವೆ, ಅರಿಸಿನದ ಗೆರೆ ಎಳೆಯುತ್ತೇವೆ, ಚೀಲ ಎಳೆಯುವ ಮೊದಲು ಮೆತ್ತನೆಯ ಪೊರಕೆಯಿಂದ ಸಾಲನ್ನು ಸರಿಸುತ್ತೇವೆ. ಆದರೂ ಆಳುಗಳ ಕಾಲಿಗೆ, ಚೀಲದ ಅಡಿಗೆ, ಆ ನೀರಿನ ಬಟ್ಟಲಿಗೇ ಸಿಕ್ಕಿ ಇರುವೆಗಳು ಸಾಯುತ್ತವೆ. ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅಡುಗೆ ಮಾಡುವಾಗ, ಜೀವನೋಪಾಯದಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು; ಕಡಿಮೆ ಮಾಡುತ್ತ ಹೋಗಬೇಕು, ದಿನವೂ ಆಲೋಚನೆ-ಪ್ರತಿಕ್ರಮಣ ಮಾಡಬೇಕು. ಬುದ್ಧಿಪೂರ್ವಕವಾಗಿ ಮಾಡುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಮಂಡಿಯಲ್ಲಿ ಸತ್ತ ಇರುವೆಗೆ ನನ್ನಲ್ಲಿ ಕಾರಣವೊಂದಿದೆ, ಅದು ಹೊಟ್ಟೆಪಾಡು; ಅದು ದೋಷವನ್ನು ಅಳಿಸುವುದಿಲ್ಲ, ಆದರೆ ಕಾರಣವಂತೂ ಹೌದು. ಮೇಜಿನ ಮೇಲಿನ ಗಾಜಿನ ಗೂಡಿಗೆ ಏನು ಕಾರಣವನ್ನು ಹೇಳಲಿ? ನೋಡಲು ಚೆನ್ನಾಗಿದೆ ಎಂಬುದನ್ನೇ? ಸಾಯುವ ಇರುವೆಗಳ ಸಂಖ್ಯೆಯಲ್ಲಿ ನನ್ನ ಮಂಡಿಯೇ ಹೆಚ್ಚಿನ ಅಪರಾಧಿ ಎಂಬುದು ನಿಜವಿರಬಹುದು. ಮೊಮ್ಮಗನಿಗೆ ಬುದ್ಧಿ ಹೇಳುವಾಗ ಈ ಮಾತನ್ನು ನಾನು ಮರೆಮಾಚಲಿಲ್ಲ.

ವ್ಯಾಪಾರದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹೊರದೇಶಗಳಲ್ಲಿ ಈಗ ರಾಣಿ ಇರುವೆಗಳಿಗೆ ಬೆಲೆ ಕಟ್ಟಿ ಮಾರುವವರಿದ್ದಾರೆ. 2025ರ ಏಪ್ರಿಲಿನಲ್ಲಿ ಆಫ್ರಿಕದ ಕೀನ್ಯಾ ದೇಶದಲ್ಲಿ ಬೆಲ್ಜಿಯಂನ ಇಬ್ಬರು ಯುವಕರು ಸುಮಾರು 5000 ರಾಣಿಗಳನ್ನು ಹತ್ತಿ ತುಂಬಿದ ಟ್ಯೂಬುಗಳಲ್ಲಿಟ್ಟುಕೊಂಡಿದ್ದಾಗ ಸಿಕ್ಕಿಬಿದ್ದರು. ಅವು ಕಾಳು ಕೂಡಿಡುವ ದೊಡ್ಡ ಜಾತಿಯವು. ಮೇ ತಿಂಗಳಲ್ಲಿ ನ್ಯಾಯಾಲಯವು ತಲಾ 10 ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡವನ್ನು, ತಪ್ಪಿದರೆ ಹನ್ನೆರಡು ತಿಂಗಳ ಸೆರೆಯನ್ನು ವಿಧಿಸಿತು. ಹುಡುಗರಿಬ್ಬರಿಗೂ ಹತ್ತೊಂಬತ್ತೇ ವರ್ಷ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಜೀವಿಗಳ ಕ್ರಯವಿಕ್ರಯವಾದ ಕೇಶವಾಣಿಜ್ಯವೂ ಒಂದು. ಮನೆಯಲ್ಲಿ ಒಂದೇ ಟ್ಯೂಬನ್ನು ಇಟ್ಟವನು ವ್ಯಾಪಾರಿಯಲ್ಲ, ಸರಿ. ಆದರೆ ಕೊಳ್ಳುವವರಿಲ್ಲದೆ ಯಾವ ಮಾಲು ಪೇಟೆಗೆ ಬರುತ್ತದೆ?

ಹಾಗಾದರೆ ನಮ್ಮವರು ಕ್ರಿಮಿಕೀಟಗಳಿಗೆ ಮನೆ ಮಾಡಿಯೇ ಇಲ್ಲವೇ? ಮಾಡಿದ್ದಾರೆ. ಗುಜರಾತಿನ ಕೆಲವು ಪಾಂಜ್ರಾಪೋಳಗಳಲ್ಲಿ ಜೀವಾತ್ ಖಾನ ಎಂಬ ಕೋಣೆಯಿತ್ತು. ಮನೆ-ಅಂಗಡಿಗಳಲ್ಲಿ ಧಾನ್ಯ ಕೇರಿದಾಗ ಸಿಗುವ ಹುಳುಗಳನ್ನು ಕಸದೊಡನೆ ಅಲ್ಲಿಗೆ ತಂದು, ಸ್ವಲ್ಪ ಧಾನ್ಯವನ್ನೂ ಹಾಕಿ ಬಿಡುತ್ತಿದ್ದರು. ಹೊರಗಿನವರು ಇದನ್ನು ಕಂಡು ನಕ್ಕದ್ದೂ ಉಂಟು. ಆದರೆ ಆ ಕೋಣೆಗೆ ಹುಳುವನ್ನು ಹುಡುಕಿ ಹಿಡಿದು ತರುತ್ತಿರಲಿಲ್ಲ, ಅದನ್ನು ನೋಡಲು ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ನಮ್ಮ ಕೈಗೆ ಸಿಕ್ಕಿ ನೆಲೆ ತಪ್ಪಿದ ಜೀವಕ್ಕೆ ನೆಲೆ ಕೊಡುವುದಷ್ಟೇ ಅದರ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರಾಘವೇಂದ್ರ ಗದಗ್ಕರ್ ಅವರು ಕಣಜಗಳ ಸಮಾಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಅಲ್ಲಿ ಕಣಜಗಳಿಗೆಂದು ಜಾಲರಿಯ ಮನೆಯೊಂದನ್ನು ಕಟ್ಟಿದ್ದಾರೆ. ಅದರ ಕಂಡಿಗಳ ಅಳತೆಯು ಹೇಗಿದೆಯೆಂದರೆ, ಒಳಗಿನ ಕಣಜವು ಬೇಕಾದಾಗ ಹೊರಗೆ ಹಾರಿ ಮರಳಿ ಬರಬಹುದು. ಅದನ್ನು ತಿನ್ನುವ ದೊಡ್ಡ ಕಣಜವು ಮಾತ್ರ ಒಳಗೆ ನುಗ್ಗಲಾರದು. ವಿಜ್ಞಾನಿಗಳು ಅದನ್ನು ತಮ್ಮ ಅಭ್ಯಾಸದ ಅನುಕೂಲಕ್ಕೆ ಮಾಡಿದ್ದಾರೆ, ಅಣುವ್ರತಕ್ಕಾಗಿ ಅಲ್ಲ. ಆದರೂ ಓದಿದಾಗ ಅದು ವ್ಯಾಖ್ಯಾನಕಾರರು ಹೇಳಿದ ಸಡಿಲ ಗಂಟಿನಂತೆಯೇ ನನಗೆ ತೋರಿತು.

ಹುಡುಗನ ಕುತೂಹಲವನ್ನು ನಾನು ದೋಷವೆಂದು ಹೇಳಲಾರೆನು. ಇರುವೆಯನ್ನು ನೋಡದೆಯೇ ಅದರ ಮೇಲೆ ದಯೆ ತೋರುವ ನಮ್ಮಂತಹವರಿಗಿಂತ, ಬಗ್ಗಿ ನೋಡುವವನು ಒಂದು ಹೆಜ್ಜೆ ಮುಂದೆಯೇ ಇದ್ದಾನೆ. ಒಂದು ಇರುವೆಯು ಮತ್ತೊಂದಕ್ಕೆ ಬಾಯಿಯಿಂದ ಬಾಯಿಗೆ ಉಣಿಸುವುದನ್ನು ಅರವತ್ತು ದಾಟಿದ ಮೇಲೆ ಅವನಿಂದಲೇ ನಾನು ನೋಡಿ ತಿಳಿದೆನು, ಅದೂ ಹಿತ್ತಲ ಗೋಡೆಯ ಬುಡದಲ್ಲಿ, ಭೂತಗನ್ನಡಿಯಿಂದ. ಮಾವಿನ ತೋಪುಗಳಿರುವ ನಮ್ಮ ಸೀಮೆಯಲ್ಲಿ ಕೆಂಪು ಚಿಗಳಿ ಇರುವೆಗಳು ಎಲೆಗಳನ್ನು ಎಳೆದು ಹಿಡಿದು, ತಮ್ಮ ಮರಿಗಳ ಬಾಯಿಯ ನೂಲಿನಿಂದ ಹೊಲಿದು ಗೂಡು ಕಟ್ಟುವುದನ್ನು ಬೇಕಾದವರು ನಿಂತು ನೋಡಬಹುದು. ಸ್ವಲ್ಪ ದೂರದಲ್ಲಿ ನಿಲ್ಲುವುದು ಕ್ಷೇಮ. 2006ರಲ್ಲಿ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಎಂಬವರು ನಮ್ಮ ದಕ್ಷಿಣ ಸೀಮೆಯ ಇರುವೆಗಳನ್ನು ಗುರುತಿಸಲು ಇಂಗ್ಲಿಷಿನಲ್ಲಿ ಒಂದು ಕೈಪಿಡಿಯನ್ನು ಹೊರತಂದಿದ್ದಾರೆ. ಶಾಲೆಗೆ ಹೋಗುವ ಮಕ್ಕಳುಳ್ಳವರು ಅಂತಹ ಪುಸ್ತಕವನ್ನು ತರಿಸಿಕೊಡಲಿ. ಗಾಜಿನೊಳಗೆ ಕಾಣುವಷ್ಟು ಒಳಗಿನ ಸಂಸಾರವು ಹೊರಗೆ ಕಾಣುವುದಿಲ್ಲ, ಅದು ನಷ್ಟವೇ. ಮೊಟ್ಟೆಯ ಕೋಣೆಯನ್ನೂ ರಾಣಿಯನ್ನೂ ಅವನು ನೋಡಲಾರನು. ಆ ನಷ್ಟವನ್ನು ಒಪ್ಪಿಕೊಳ್ಳುವುದೇ ಇಲ್ಲಿ ಅವನು ಮಾಡಬೇಕಾದ ತ್ಯಾಗ, ಮತ್ತು ಹನ್ನೆರಡು ವರ್ಷದವನಿಗೆ ಅದು ಸಣ್ಣದಲ್ಲ.

ಈಗಾಗಲೇ ಮನೆಯಲ್ಲಿ ಗೂಡನ್ನು ಇಟ್ಟವರು ಏನು ಮಾಡಬೇಕೆಂದು ಕೆಲವು ತಂದೆತಾಯಿಗಳು ಕೇಳುತ್ತಾರೆ. ರಾಣಿಯು ಇದೇ ಊರಿನ, ಇದೇ ಹಿತ್ತಲಿನದಾದರೆ, ನೆಲ ತಂಪಾಗಿರುವ ಮಳೆಗಾಲದ ಸಂಜೆ, ಹಿಡಿದ ಜಾಗದಲ್ಲೇ, ಬೇರೆ ಇರುವೆಯ ಸಾಲಿಲ್ಲದ ಕಡೆ ನೋಡಿ ಟ್ಯೂಬಿನ ಬಾಯನ್ನು ತೆರೆದು ಇಟ್ಟು ಬರಬೇಕು. ಅಲುಗಾಡಿಸಿ ಕೊಡವಬಾರದು, ಅವು ತಾವಾಗಿ ಹೊರಡಲಿ. ಹೊರಗಿನಿಂದ ಕೊಂಡು ತಂದ ಬೇರೆ ಸೀಮೆಯ ಜಾತಿಯಾದರೆ ಬಿಡುವಂತಿಲ್ಲ. ಅದರ ಆಯುಸ್ಸು ಇರುವವರೆಗೆ ಸಾಕಬೇಕು, ಎರಡನೆಯದನ್ನು ತರಬಾರದು. ಪಂಚ ಅತಿಚಾರಗಳಲ್ಲಿ ಬಂಧವು ಆಗಿಹೋಗಿದೆ, ಅನ್ನಪಾನನಿರೋಧವೂ ಸೇರದಂತೆ ನೋಡಿಕೊಳ್ಳಬೇಕು. ಮಕ್ಕಳು ಮರೆತರೆ ಹಿರಿಯರು ನೀರು ಹಾಕಲಿ. ಮನೆಮಂದಿಯೆಲ್ಲ ಶಿಖರ್ಜಿಗೋ ಶ್ರವಣಬೆಳಗೊಳಕ್ಕೋ ಹೊರಟಾಗ, ಪಕ್ಕದ ಮನೆಯವರ ಕೈಗೆ ಬೀಗದ ಕೈಯನ್ನು ಕೊಟ್ಟು, ಟ್ಯೂಬಿನ ಹತ್ತಿ ಒಣಗದಂತೆ ಎರಡು ದಿನಕ್ಕೊಮ್ಮೆ ನೋಡಿಹೋಗಲು ಹೇಳಿ ಹೋಗಬೇಕು.